ಎಂಟು ಜೊತೆ ಗ್ಲೌಸ್

ದ್ಯಾಮಮ್ಮ ನಗುತ್ತಿದ್ದಳು. ಭೀಮೇಶನಿಗೆ ತಡೆಯಲಾಗದೆ ಹೋದದ್ದು ಅದೇ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಹಾಲ್. ಗೋಡೆ ತುಂಬ ಫೋಟೊಗಳು. ನಡುಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿ ದ್ಯಾಮಮ್ಮ. ಮೊಣಕಾಲುದ್ದದ ಮೋರಿಗೆ ಇಳಿದಿದ್ದಾಳೆ. ಸೀರೆ ಎತ್ತಿ ಕಟ್ಟಿದ್ದಾಳೆ. ಎರಡೂ ಕೈಯಲ್ಲಿ ಕಪ್ಪು ಕೆಸರು ಬಾಚಿ ಎತ್ತಿದ್ದಾಳೆ. ಬರಿಗೈ. ಬೆರಳ ಸಂದಿಯಿಂದ ಕೆಸರು ಇಳಿಯುತ್ತಿದೆ. ಮುಖ ಮಾತ್ರ ಮೇಲಕ್ಕೆ. ಹಲ್ಲು ಕಾಣುವ ಹಾಗೆ, ಕಣ್ಣು ಸಣ್ಣದಾಗುವ ಹಾಗೆ ನಗು.

ದ್ಯಾಮಮ್ಮ ಭೀಮೇಶನ ತಾಯಿಯ ತಂಗಿ. ಭದ್ರಾವತಿಯಲ್ಲಿ ಇಬ್ಬರದೂ ಒಂದೇ ಕೇರಿ, ಎದುರುಬದುರು ಮನೆ. ಅವ್ವ ಸತ್ತ ಮೇಲೆ ಅವನಿಗೆ ಅನ್ನ ಹಾಕಿದವಳು ಅವಳೇ. ಇಪ್ಪತ್ತು ವರ್ಷದಿಂದ ಅವನು ಅವಳ ಫೋಟೊ ತೆಗೆಯುತ್ತ ಬಂದಿದ್ದ. ರೇಷನ್ ಕಾರ್ಡಿಗೆ, ಪಾಸ್‌ಬುಕ್ಕಿಗೆ, ಮಗಳ ಮದುವೆಯಲ್ಲಿ, ಗಂಡನ ಹೆಣದ ಪಕ್ಕ ಕೂತಾಗ. ಒಂದರಲ್ಲೂ ಅವಳು ನಕ್ಕಿರಲಿಲ್ಲ. ಅವನ ಕ್ಯಾಮೆರಾ ಕಂಡರೆ ಆ ಮುಖ ಬೀಗ ಹಾಕಿಕೊಳ್ಳುತ್ತಿತ್ತು. ಎರಡು ತಿಂಗಳ ಹಿಂದೆ ಬಂದ ಹುಡುಗನ ಮುಂದೆ ತೆರೆದುಕೊಂಡಿತ್ತು.

ಫೋಟೊ ಕೆಳಗೆ ಒಂದು ಚೀಟಿ. ‘ಕೈಗಳು, ಭದ್ರಾವತಿ.’ ಅಷ್ಟೇ. ಅವಳ ಹೆಸರಿಲ್ಲ.

ಹಾಲಿನಲ್ಲಿ ಜನ ದೇವಸ್ಥಾನದಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ಗೋಪಾಳ ಬಡಾವಣೆಯ ಕಡೆಯ ಒಬ್ಬ ಮೇಡಂ ದ್ಯಾಮಮ್ಮನ ಮುಂದೆ ನಿಂತು ಕಣ್ಣು ಒರೆಸಿಕೊಂಡರು. ಆಮೇಲೆ ತಿರುಗಿ ಭೀಮೇಶನನ್ನು ನೋಡಿದರು. ಚಪ್ಪಲಿಯಿಂದ ತಲೆಯವರೆಗೆ.

“ಆ ಲೈಟ್ ಸ್ವಲ್ಪ ತಿರುಗಿಸಪ್ಪ. ಗ್ಲಾಸ್ ಹೊಳೀತಾ ಇದೆ, ಮುಖ ಸರಿಯಾಗಿ ಕಾಣ್ತಿಲ್ಲ.”

ಅವರು ಅವನನ್ನು ವೈರಿಂಗ್ ಕೆಲಸದವನು ಅಂದುಕೊಂಡಿದ್ದರು. ನಾನೂ ಫೋಟೊಗ್ರಾಫರ್ ಮೇಡಂ ಅನ್ನುವ ಮಾತು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಕೈ ಸ್ಟೂಲ್ ಎಳೆದಾಗಿತ್ತು. ಹತ್ತಿ ಲೈಟ್ ತಿರುಗಿಸಿದ. ಗಾಜಿನ ಹೊಳಪು ಹೋಯಿತು. ದ್ಯಾಮಮ್ಮನ ನಗು ಇನ್ನೂ ನಿಚ್ಚಳವಾಯಿತು.

“ಹಾಂ, ಈಗ ಸರಿ ಹೋಯ್ತು,” ಅಂದು ಮೇಡಂ ಮುಂದಿನ ಫೋಟೊಕ್ಕೆ ಹೋದರು.

ಆ ಕೈಗೆ ಈ ಕೆಲಸ ಹೊಸದಲ್ಲ. ಸ್ವಂತ ಸ್ಟುಡಿಯೊ ಹಾಕುವ ಮುಂಚೆ ಭೀಮೇಶ ಹನ್ನೊಂದು ವರ್ಷ ಇದೇ ಶಿವಮೊಗ್ಗದ ಮದುವೆಗಳಲ್ಲಿ ವಿಡಿಯೊದವರಿಗೆ ಲೈಟ್ ಹಿಡಿದಿದ್ದ. ಮುಹೂರ್ತದಿಂದ ಹೆಣ್ಣು ಕಳಿಸುವವರೆಗೆ ಕೈ ಮೇಲೆ. ಲೈಟಿನ ಕಾವಿಗೆ ಮುಂಗೈ ಕೂದಲು ಸುಡುತ್ತಿತ್ತು. ಭುಜ ಮರಗಟ್ಟುತ್ತಿತ್ತು. ವಿನೋಬನಗರದ ಒಂದು ಮನೆಯಲ್ಲಿ ಯಜಮಾನರು ಅವನ ಊರು ಕೇಳಿದರು. ಊರು ಹೇಳಿದ ಮೇಲೆ ಊರಲ್ಲಿ ಯಾವ ಕಡೆ ಅಂತ ಕೇಳಿದರು. ಆಮೇಲೆ, ಲೈಟಿನವನು ದೇವರ ಕೋಣೆಯ ಹೊಸ್ತಿಲ ಈಚೆ ನಿಲ್ಲಲಿ ಅಂದರು. ವೈರ್ ಒಳಗೆ ಹೋಗಬಹುದಿತ್ತು. ಅವನು ಹೋಗುವಂತಿರಲಿಲ್ಲ. ಹೊರಗಿನಿಂದಲೇ ಕೈ ಚಾಚಿ ಅವರ ದೇವರಿಗೆ ಬೆಳಕು ಬಿಟ್ಟಿದ್ದ.

“ಭೀಮೇಶಣ್ಣ, ಬಂದ್ರಾ?” ಸಂಜಯ್ ಓಡಿ ಬಂದು ಕೈ ಹಿಡಿದುಕೊಂಡ. ಈ ಫೋಟೊಗಳೆಲ್ಲ ಅವನವು. ಅಡಿಕೆ ಮಂಡಿ ಮನೆಯ ಹುಡುಗ, ಇಪ್ಪತ್ತೇಳು ವರ್ಷ. ಪಕ್ಕದಲ್ಲಿದ್ದವರಿಗೆ ಹೇಳಿದ: “ಇವರಿಲ್ಲದಿದ್ರೆ ಈ ಎಕ್ಸಿಬಿಷನ್ನೇ ಇಲ್ಲ. ಕೇರಿ ಪೂರ್ತಿ ತೋರಿಸಿದ್ದು ಇವರೇ.”

ತೋರಿಸಿದವರು. ಭೀಮೇಶ ಮೆಲ್ಲಗೆ ಕೈ ಬಿಡಿಸಿಕೊಂಡ. ಹುಡುಗ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವನು ಕೆಟ್ಟವನಲ್ಲ. ಕೇರಿಯ ಮನೆಗಳಲ್ಲಿ ನೀರು ಕುಡಿದ. ದ್ಯಾಮಮ್ಮನ ಜೊತೆ ಮೋರಿ ಕೆಲಸಕ್ಕೆ ಹೋಗುವ ಅಜ್ಜಿ ಹುಚ್ಚಮ್ಮನ ಮನೆಯಲ್ಲಿ ಮುದ್ದೆ ಉಂಡ. ಬೈಕಿನ ಹಿಂದೆ ಭೀಮೇಶನನ್ನು ಕೂರಿಸಿಕೊಂಡು ಹಳೇನಗರ, ಹೊಳೆಯ ಅಂಚು, ಕಾರ್ಖಾನೆ ಕಡೆಯ ಲೈನು ಮನೆಗಳು, ಎಲ್ಲ ಸುತ್ತಿದ. ಪ್ರತಿ ಬಾಗಿಲನ್ನೂ ತಟ್ಟಿದವನು ಭೀಮೇಶ. “ನಮ್ಮ ಹುಡುಗ, ಹೆದರಬೇಡಿ,” ಅಂದವನು ಭೀಮೇಶ. ಒಳಗೆ ಹೋಗಿ ಕ್ಲಿಕ್ ಮಾಡಿದವನು ಮಾತ್ರ ಸಂಜಯ್.

ಇಬ್ಬರ ಕೆಲಸವೂ ಬೇರೆ. ಭೀಮೇಶನ ತಗಡಿನ ಸ್ಟುಡಿಯೊದಲ್ಲಿ ಒಂದು ಕಪ್ಪು ಕೋಟು ಇತ್ತು. ಕೇರಿಯ ಗಂಡಸರೆಲ್ಲ ಅದನ್ನೇ ಹಾಕಿಕೊಂಡು ಪಾಸ್‌ಪೋರ್ಟ್ ಫೋಟೊ ತೆಗೆಸುತ್ತಿದ್ದರು. ಹೆಂಗಸರಿಗೆ ಪೌಡರ್ ಡಬ್ಬಿ, ಒಂದು ಮುತ್ತಿನ ಸರ. ಫೋಟೊ ಅಂದರೆ ಅವನಿಗೆ ಅದು. ಮನುಷ್ಯ ಇರುವುದಕ್ಕಿಂತ ಒಂದು ಮೆಟ್ಟಿಲು ಮೇಲೆ ಕಾಣಬೇಕು. ಸಂಜಯ್ ಬಂದ ಮೊದಲ ದಿನ ಹುಚ್ಚಮ್ಮ ಮದುವೆ ಸೀರೆ ಉಟ್ಟು ಬಂದಿದ್ದಳು. “ಅಜ್ಜಿ, ಕೆಲಸದ ಸೀರೇಲೇ ಇರಿ, ಸಹಜವಾಗಿರಲಿ,” ಅಂದ ಹುಡುಗ. ಅವಳು ಮುಖ ಸಣ್ಣ ಮಾಡಿಕೊಂಡು ಒಳಗೆ ಹೋಗಿ ಬದಲಾಯಿಸಿದಳು. ಆ ಹರಕು ಸೀರೆ ಈಗ ಇಲ್ಲಿ ಗಾಜಿನ ಹಿಂದೆ ಇತ್ತು. ಚೆನ್ನಾಗಿಯೂ ಇತ್ತು. ಅದೇ ಸಂಕಟ. ಕೆಟ್ಟದಾಗಿ ತೆಗೆದಿದ್ದರೆ ಭೀಮೇಶ ನಕ್ಕು ಸುಮ್ಮನಾಗುತ್ತಿದ್ದ.

ಅವತ್ತು ಎಕ್ಸಿಬಿಷನ್ ಮುಗಿಸಿ ಮನೆಗೆ ಬಂದರೆ ಹೆಂಡತಿ ರಂಜಿನಿ ಮೊಬೈಲಿನಲ್ಲಿ ದ್ಯಾಮಮ್ಮನ ಅದೇ ಫೋಟೊ ನೋಡುತ್ತಿದ್ದಳು. ಸಂಜಯ್ ಕಳಿಸಿದ್ದ.

“ಎಷ್ಟು ಚೆನ್ನಾಗಿ ತೆಗ್ದಿದಾನೆ ನೋಡಿ. ಅತ್ತೆ ನಕ್ರೆ ಹಿಂಗೆ ಕಾಣ್ತಾರೆ ಅಂತ ನಂಗೆ ಗೊತ್ತೇ ಇರಲಿಲ್ಲ.”

“ನಾಲ್ಕು ಲಕ್ಷದ ಕ್ಯಾಮೆರಾ ಕೊಟ್ರೆ ನಾಯೀನೂ ತೆಗೆಯುತ್ತೆ,” ಅಂದ ಭೀಮೇಶ.

“ನಾಯಿಗೆ ಅತ್ತೆ ನಗಲ್ಲ ಮಾರಾಯ್ರೆ,” ಅಂದಳು ರಂಜಿನಿ.

ಅವನು ಉಣ್ಣದೆ ಎದ್ದ.

ಮಂಗಳವಾರ ಆ ಫೋಟೊ ಪೇಪರಿನಲ್ಲಿ ಬಂತು. ಬುಧವಾರ ವೀರೇಂದ್ರ ಸ್ಟುಡಿಯೊಗೆ ಬಂದ.

ವೀರೇಂದ್ರ ಚರಂಡಿ ಕೆಲಸದ ಗುತ್ತಿಗೆದಾರ. ಅವನ ಕೈಕೆಳಗೆ ಇಪ್ಪತ್ತೆರಡು ಜನ, ಎಲ್ಲ ಕೇರಿಯವರು. ದ್ಯಾಮಮ್ಮ ಹದಿನೆಂಟು ವರ್ಷದಿಂದ ಅಲ್ಲಿದ್ದಳು. ಬೆಳಿಗ್ಗೆ ಐದೂವರೆಗೆ ಮೋರಿಗೆ ಇಳಿದರೆ ಹನ್ನೊಂದರವರೆಗೆ ಬಗ್ಗಿದ ಬೆನ್ನು ಎತ್ತುವಂತಿಲ್ಲ. ಸಲಿಕೆ ಹೋಗದ ಕಡೆ ಕೈ ಹೋಗಬೇಕು. ಕೈಗೆ ಏನು ಸಿಗುತ್ತದೆ ಅನ್ನುವುದು ಸಿಕ್ಕ ಮೇಲೆ ಗೊತ್ತು. ಬಾಟಲಿ ಚೂರು, ಬ್ಲೇಡು, ಮಕ್ಕಳ ಚಡ್ಡಿಯ ಹೇಲು, ಸತ್ತ ಹೆಗ್ಗಣ. ಬಾಚಿ ಬಾಂಡ್ಲಿಗೆ ತುಂಬಿ, ತಲೆ ಮೇಲೆ ಹೊತ್ತು, ತಳ್ಳುಗಾಡಿಗೆ ಸುರಿಯಬೇಕು. ಹೊರುವಾಗ ನೀರು ಕತ್ತಿಗೆ ಇಳಿಯುತ್ತದೆ. ದ್ಯಾಮಮ್ಮನ ಬಲಗೈಯ ಎರಡು ಉಗುರು ಎಂದೋ ಉದುರಿದ್ದವು.

ಗುತ್ತಿಗೆ ಕೊಟ್ಟ ಕಚೇರಿಯ ನಿಯಮದಲ್ಲಿ ಗ್ಲೌಸ್, ಗಂಬೂಟು, ಜಾಕೆಟ್ ಇಲ್ಲದೆ ಯಾರನ್ನೂ ಇಳಿಸುವಂತಿಲ್ಲ. ತಿಂಗಳ ಮೊದಲ ದಿನ ಪ್ರತಿಯೊಬ್ಬರೂ ಅವನ್ನು ತೊಟ್ಟು ನಿಂತ ಫೋಟೊ ಫೈಲಿಗೆ ಹೋಗಬೇಕು. ಆ ಫೋಟೊ ತೆಗೆಯುತ್ತಿದ್ದವನು ಭೀಮೇಶ. ಐದು ವರ್ಷದಿಂದ.

ವೀರೇಂದ್ರನ ಹತ್ತಿರ ಇದ್ದದ್ದು ಎಂಟು ಜೊತೆ.

ಮೇಸ್ತ್ರಿ ಮಾರಪ್ಪ ಗೋಣಿಚೀಲ ತಂದು ಸುರಿಯುತ್ತಿದ್ದ. ಎಂಟು ಜನ ಹಾಕಿಕೊಂಡು ನಿಲ್ಲುತ್ತಿದ್ದರು. ಫೋಟೊ ಆದ ಕೂಡಲೇ ಬಿಚ್ಚಿ ಮುಂದಿನ ಎಂಟು ಜನಕ್ಕೆ ಕೊಡುತ್ತಿದ್ದರು. ಕೊನೆಯವರಿಗೆ ಬರುವಾಗ ಗ್ಲೌಸ್ ಒಳಗೆಲ್ಲ ಬೇರೆಯವರ ಬೆವರು. ಬೂಟು ಕಾಲಿಗೆ ಆಗದವರಿಗೆ ಮಾರಪ್ಪ ಹಿಂದಿನಿಂದ ಒದ್ದು ಹತ್ತಿಸುತ್ತಿದ್ದ. ಎಲ್ಲರೂ ಮುಗಿದ ಮೇಲೆ ಚೀಲ ಗೋದಾಮಿಗೆ. ಜನ ಬರಿಗೈಯಲ್ಲಿ ಮೋರಿಗೆ. “ಫೋಟೊದಲ್ಲಿ ತಾರೀಕು ಇರ್ಲಿ, ಗಂಟೆ ಬೇಡ,” ಅಂದಿದ್ದ ವೀರೇಂದ್ರ. ಭೀಮೇಶ ಗಂಟೆ ಕತ್ತರಿಸಿ ಪ್ರಿಂಟ್ ಹಾಕುತ್ತಿದ್ದ. ಕೇರಿಯವನೇ ಬಂದು ನಿಲ್ಲಿಸಿದರೆ ಜನ ತಕರಾರು ಮಾಡುವುದಿಲ್ಲ. ಅದಕ್ಕೇ ಅವನಿಗೆ ಆ ಕೆಲಸ ಸಿಕ್ಕಿತ್ತು. ಅವನಿಗೂ ಅದು ಗೊತ್ತಿತ್ತು.

ಆ ಫೋಟೊಗಳನ್ನು ಅವನು ಅಳಿಸುತ್ತಿರಲಿಲ್ಲ. ಕೇರಿಯಲ್ಲಿ ಯಾರಾದರೂ ಸತ್ತರೆ ಕಟ್ಟು ಹಾಕಿಸಲು ಫೋಟೊ ಕೇಳಿಕೊಂಡು ಬರುತ್ತಿದ್ದರು. ಎಷ್ಟೋ ಜನಕ್ಕೆ ಜಾಕೆಟ್ ತೊಟ್ಟು ನಿಂತ ಆ ಒಂದೇ ಫೋಟೊ. ಅವನು ಮುಖ ಮಾತ್ರ ಕತ್ತರಿಸಿ, ಕೆಳಗೆ ಕೋಟು ಕೂರಿಸಿ, ಹಿಂದೆ ನೀಲಿ ಆಕಾಶ ಹಾಕಿ ಕೊಡುತ್ತಿದ್ದ.

ವೀರೇಂದ್ರ ಯಾವತ್ತೂ ಸ್ಟುಡಿಯೊ ಒಳಗೆ ಬಂದವನಲ್ಲ. ರಸ್ತೆಯಲ್ಲೇ ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ. ಇವತ್ತು ಒಳಗೆ ಬಂದ. ಗಿರಾಕಿಗಳ ಸ್ಟೂಲ್ ಮೇಲೆ ಕೂತ.

“ಏನ್ ಭೀಮೇಶ, ನಿನ್ನ ಶಿವಮೊಗ್ಗದ ದೋಸ್ತು ನನ್ನ ಹೊಟ್ಟೆ ಮೇಲೆ ಹೊಡೆದ್ನಲ್ಲ.”

“ನನ್ನ ದೋಸ್ತಲ್ಲ ಸಾರ್.”

“ಅವನ ಬೈಕಲ್ಲಿ ಓಡಾಡ್ತಿದ್ದೆಯಲ್ಲ.”

“ದಾರಿ ತೋರಿಸ್ತಿದ್ದೆ ಅಷ್ಟೆ.”

ವೀರೇಂದ್ರ ಅವನ ಮುಖ ಓದುತ್ತಿದ್ದ. ಮನುಷ್ಯನಿಗೆ ಎಲ್ಲಿ ನೋವಿದೆ ಅಂತ ಕಂಡುಹಿಡಿಯುವುದೇ ಅವನ ಕಸುಬು.

“ಅಲ್ಲ ಮಾರಾಯ, ಐದು ವರ್ಷದಿಂದ ನೀನೂ ಅದೇ ಜನರ ಫೋಟೊ ತೆಗೀತಿದೀಯ. ನಿನ್ನ ಕರೆದು ಯಾರಾದ್ರೂ ಹಾರ ಹಾಕಿದ್ರಾ? ಒಂದು ಹೆಂಗಸಿನ ಕೈಗೆ ಕೆಸರು ಮೆತ್ತಿ ತೋರಿಸಿದ್ರೆ ದೊಡ್ಡ ಕಲೆ. ನೀನು ಕೈ ಮುಚ್ಚಿ ಮರ್ಯಾದೆಯಾಗಿ ತೆಗೆದ್ರೆ ಅದು ಏನೂ ಅಲ್ಲ. ಇದು ಯಾವ ನ್ಯಾಯ?”

ಮೂರು ದಿನದಿಂದ ಭೀಮೇಶ ಒಳಗೊಳಗೇ ಆಡಿಕೊಂಡ ಮಾತು ಅದೇ.

“ಅವನೇ ಗ್ಲೌಸ್ ಬಿಚ್ಚಿಸಿರಬೇಕು ಅಲ್ವಾ? ಫೋಟೊ ಚೆನ್ನಾಗಿ ಬರ್ಲಿ ಅಂತ?”

ಗ್ಲೌಸ್ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಸಂಜಯ್ ಹುಚ್ಚಮ್ಮನ ಸೀರೆ ಬದಲು ಮಾಡಿಸಿದ್ದು ಭೀಮೇಶನ ಕಣ್ಣ ಮುಂದೆ ಬಂತು. ಒಬ್ಬಳ ಕಿವಿಯ ಓಲೆ ತೆಗೆಸಿದ್ದು ಬಂತು. ಹಾಲಿನಲ್ಲಿ ತಾನು ಸ್ಟೂಲ್ ಹತ್ತಿದ್ದು ಬಂತು.

“ಬಿಚ್ಚಿಸಿದ್ರೂ ಬಿಚ್ಚಿಸಿರಬಹುದು,” ಅಂದ. “ಅವರಿಗೆ ಹಂಗೇ ಬೇಕು.”

“ಅಷ್ಟು ಬರೆದುಕೊಡು. ನಿನ್ನ ಫೋಟೊ ಹಿಂದೆ. ಸೀಲ್ ಹಾಕು. ಕಚೇರಿ ಸಾಹೇಬರು ನೋಡ್ಲಿ, ಯಾರ ಫೋಟೊ ನಿಜ ಅಂತ.”

ಭೀಮೇಶ ಆ ತಿಂಗಳ ದ್ಯಾಮಮ್ಮನ ಫೋಟೊದ ಪ್ರಿಂಟ್ ತೆಗೆದುಕೊಂಡ. ಗ್ಲೌಸ್, ಬೂಟು, ಜಾಕೆಟ್. ಮುಚ್ಚಿದ ಬಾಯಿ. ಅದರ ಹಿಂದೆ ಬರೆದ: ‘ಇವರು ದಿನವೂ ಗ್ಲೌಸ್ ಹಾಕಿಯೇ ಕೆಲಸ ಮಾಡುತ್ತಾರೆ. ಪತ್ರಿಕೆಯ ಫೋಟೊಕ್ಕಾಗಿ ಬಿಚ್ಚಿಸಲಾಗಿದೆ.’ ಸಹಿ ಹಾಕಿದ. ಸ್ಟುಡಿಯೊ ಸೀಲ್ ಒತ್ತಿದ.

ಆ ಗಳಿಗೆಯಲ್ಲಿ ಅವನಿಗೆ ಹಾಯೆನಿಸಿತು. ಒಬ್ಬ ಸಾಹೇಬ ಮೇಜಿನ ಮೇಲೆ ಎರಡು ಫೋಟೊ ಇಟ್ಟುಕೊಂಡು ನೋಡುತ್ತಾನೆ. ಅವನದೊಂದು, ಸಂಜಯನದೊಂದು. ನೋಡಿ, ಭೀಮೇಶನದೇ ನಿಜ ಅನ್ನುತ್ತಾನೆ.

ಶನಿವಾರ ದ್ಯಾಮಮ್ಮನನ್ನು ಕೆಲಸದಿಂದ ತೆಗೆದರು. ಕಾರಣ: ಕೊಟ್ಟ ಗ್ಲೌಸ್ ಬಿಚ್ಚಿ, ನಿಯಮ ಮುರಿದು, ಹೊರಗಿನವರಿಗೆ ಫೋಟೊ ಕೊಟ್ಟು ಕಂಪನಿಯ ಹೆಸರು ಕೆಡಿಸಿದ್ದು.

ಅವಳು ಸ್ಟುಡಿಯೊಗೆ ಬಂದಳು. ಬೈಯಲಿಲ್ಲ. ಬಾಗಿಲಲ್ಲೇ ನಿಂತಳು.

“ನೀನು ಬರೆದುಕೊಟ್ಯಂತೆ.”

ಭೀಮೇಶ ಕಂಪ್ಯೂಟರ್ ನೋಡುತ್ತ ಕೂತ.

“ಮಾರಪ್ಪ ಓದಿ ಹೇಳ್ದ. ನಿನ್ನ ಬರಹ ದುಂಡಗಿದೆ ಅಂತಾನೂ ಹೇಳ್ದ.”

“ನಿನ್ನ ತೆಗೀತಾರೆ ಅಂತ ಗೊತ್ತಿರ್ಲಿಲ್ಲ ಚಿಕ್ಕಮ್ಮ. ಆ ಹುಡುಗನ ಮೇಲೆ ಬರುತ್ತೆ ಅಂದ್ಕೊಂಡೆ.”

“ಆ ಹುಡುಗ ನಿಂಗೇನು ಮಾಡ್ದ?”

ಅವನು ಕಂಪ್ಯೂಟರಿನಿಂದ ಮುಖ ತಿರುಗಿಸಿದ. ಬಾಯಿಗೆ ಬಂದದ್ದು ಬೇರೆ ಮಾತು.

“ಅವನು ತೆಗೆದ್ರೆ ನಗ್ತೀಯ. ನಾನು ಇಪ್ಪತ್ತು ವರ್ಷ ತೆಗೆದೆ. ಒಂದು ಸಲ ನಕ್ಕಿದೀಯಾ?”

ದ್ಯಾಮಮ್ಮ ಅವನನ್ನೇ ನೋಡಿದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸ್ಟೂಲ್ ಎಳೆದುಕೊಂಡು ಕೂತಳು.

“ಇದಕ್ಕಾ?” ಅಂದಳು. “ಹದಿನೆಂಟು ವರ್ಷದ ಕೆಲ್ಸ ಇದಕ್ಕೆ ಹೋಯ್ತಾ? ಅಲ್ಲ ಕಣೋ, ಆ ಹುಡುಗ ಬಿಳಿ ಶೂ ಹಾಕ್ಕೊಂಡು ಮೋರಿ ಕಟ್ಟೆ ಮೇಲೆ ಕೂತಿದ್ದ. ಜಾರಿ ಒಂದು ಕಾಲು ಒಳಗೆ ಹೋಯ್ತು. ಮೊಣಕಾಲವರೆಗೆ. ಅಯ್ಯಯ್ಯೋ ಅಂತ ಕೂಗ್ದ. ಕೂಗ್ತಾನೇ ಕ್ಲಿಕ್ ಮಾಡ್ದ. ನಗ್ದೆ ಏನ್ ಮಾಡ್ಲಿ?”

ದ್ಯಾಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಿನ್ನ ಮುಂದೆ ಯಾಕೆ ನಗಲಿಲ್ಲ ಅಂತೀಯ. ನೀನೇ ನಗಬೇಡ ಅಂತಿದ್ದೆಯಲ್ಲೋ. ಚಿಕ್ಕಮ್ಮ ಬಾಯಿ ಮುಚ್ಚು, ಹಲ್ಲು ಕಾಣಬಾರ್ದು, ಕಚೇರಿಗೆ ಹೋಗೋ ಫೋಟೊ, ವಾಪಸ್ ಕಳಿಸ್ತಾರೆ ಅಂತ. ಮಗಳ ಮದುವೇಲೂ ಅದೇ ಅಂದೆ. ನಾನು ಹೆಣದ ಪಕ್ಕ ಕೂತಾಗ್ಲೂ ನೆಟ್ಟಗೆ ಕೂತ್ಕೋ ಅಂದೆ. ನೀನು ಹೇಳಿದ ಹಂಗೆ ಕೂತೆ.”

ಅವಳು ಎರಡು ಕೈ ಚಾಚಿ ಕೌಂಟರಿನ ಗಾಜಿನ ಮೇಲೆ ಇಟ್ಟಳು. ಉಗುರಿಲ್ಲದ ಬೆರಳು. ಅಂಗೈಯಲ್ಲಿ ಗಾಜು ಹೊಕ್ಕ ಗೀರುಗಳು, ಒಣಗಿದ್ದು, ಹಸಿಯದ್ದು. ಗಾಜಿನ ಕೆಳಗೆ ಅವನು ತೆಗೆದ ಕೋಟು ಹಾಕಿದ ಮುಖಗಳು ಸಾಲಾಗಿದ್ದವು.

“ಸೋಮವಾರ ಕಚೇರೀಲಿ ವಿಚಾರಣೆ ಅಂತೆ. ನಿನ್ನನ್ನೂ ಕರೀತಾರಂತೆ. ಅಲ್ಲೂ ಅದನ್ನೇ ಹೇಳೋದಾದ್ರೆ ಈಗ್ಲೇ ಹೇಳು. ನಾನು ಬಸ್ ಚಾರ್ಜ್ ಕೊಟ್ಟು ಬರಲ್ಲ.”

ಉತ್ತರಕ್ಕೆ ಕಾಯದೆ ಎದ್ದು ಹೋದಳು.

ಆ ಸಂಜೆ ಸಂಜಯ್ ಫೋನ್ ಮಾಡಿದ. “ಅಣ್ಣ, ನಾನೂ ಕಚೇರಿಗೆ ಹೋಗಿ ಹೇಳಿಬಂದೆ. ಗ್ಲೌಸ್ ಇರಲೇ ಇಲ್ಲ ಅಂದೆ. ಅವರು ಐದು ವರ್ಷದ ಫೈಲ್ ತೆಗೆದು ತೋರಿಸಿದ್ರು. ಎಲ್ಲ ನಿಮ್ಮ ಫೋಟೊ. ಅದರ ಮುಂದೆ ನನ್ನ ಒಂದು ಫೋಟೊ ನಿಲ್ಲಲ್ಲ ಅಣ್ಣ. ನೀವೇ ಏನಾದ್ರೂ ಮಾಡ್ಬೇಕು.”

ಅದರ ಮುಂದೆ ನನ್ನ ಫೋಟೊ ನಿಲ್ಲಲ್ಲ. ಈ ಮಾತು ಕೇಳಬೇಕೆಂದು ಭೀಮೇಶ ಎರಡು ತಿಂಗಳು ಹಂಬಲಿಸಿದ್ದ. ಈಗ ಕೇಳಿತು. ಬಾಯಿಗೆ ಕಹಿ ಬಂತು. “ನೀನು ಆ ಫೋಟೊ ಕೆಳಗೆ ಅವಳ ಹೆಸರು ಯಾಕೆ ಹಾಕಲಿಲ್ಲ?” ಅಂತ ಕೇಳಿದ. “ತಪ್ಪಾಯ್ತು ಅಣ್ಣ,” ಅಂದ ಹುಡುಗ. ಭೀಮೇಶ ಫೋನ್ ಇಟ್ಟ.

ಭಾನುವಾರ ಇಡೀ ದಿನ ಪ್ರಿಂಟರ್ ಓಡಿತು. ಆ ತಿಂಗಳ ಇಪ್ಪತ್ತೆರಡು ಫೋಟೊ. ಕತ್ತರಿಸದ್ದು. ಮೂಲೆಯಲ್ಲಿ ಗಂಟೆ ಇದ್ದದ್ದು.

ಸೋಮವಾರ ಕಚೇರಿಯ ಮೆಟ್ಟಿಲ ಹತ್ತಿರ ವೀರೇಂದ್ರ ನಿಂತಿದ್ದ. “ಹೌದು ಸಾರ್ ಅನ್ನು. ಎರಡೇ ಮಾತು. ಮುಂದಿನ ವರ್ಷ ತಾಲ್ಲೂಕಿನ ಪೂರ್ತಿ ಫೋಟೊ ಕೆಲಸ ನಿಂದೇ,” ಅಂದ. ಹೆಗಲ ಮೇಲೆ ಕೈ ಹಾಕಿದ. ಅವನು ಕೇರಿಯವನೊಬ್ಬನನ್ನು ಮುಟ್ಟಿದ್ದನ್ನು ಭೀಮೇಶ ಅದೇ ಮೊದಲು ನೋಡಿದ್ದು.

ಒಳಗೆ ಸಾಹೇಬರು ಕನ್ನಡಕ ಹಾಕಿಕೊಂಡು ಫೋಟೊದ ಹಿಂದಿನ ಬರಹ ಓದಿದರು. ದ್ಯಾಮಮ್ಮ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಬಂದಿದ್ದಳು.

“ಇದು ನೀವೇ ಬರೆದಿದ್ದಾ?”

“ಹೌದು ಸಾರ್.”

ವೀರೇಂದ್ರ ಕುರ್ಚಿಗೆ ಒರಗಿದ.

“ಬರೆದದ್ದು ನಾನೇ. ಬರೆದಿರೋದು ಸುಳ್ಳು.”

ಭೀಮೇಶ ಚೀಲದಿಂದ ಫೋಟೊಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಹರಡಿದ. ಸಾಹೇಬರ ಪೆನ್ನಿನ ಸ್ಟ್ಯಾಂಡ್ ಸರಿಸಿ ಜಾಗ ಮಾಡಿದ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

“ಗ್ಲೌಸ್ ನೋಡಿ ಸಾರ್. ಬಲಗೈ ಹೆಬ್ಬೆಟ್ಟಿನ ಹತ್ರ ಸುಟ್ಟ ತೂತು. ಇಲ್ಲೂ ಇದೆ, ಇಲ್ಲೂ ಇದೆ. ಮೂರು ಜನ, ಒಂದೇ ಗ್ಲೌಸ್. ಜಾಕೆಟ್ ನಂಬರ್ ಏಳು, ಇವರು ಮೂರು ಜನದ ಮೈ ಮೇಲೂ ಇದೆ. ಗಂಟೆ ನೋಡಿ. ಐದು ನಲವತ್ತೊಂದು, ಐದು ನಲವತ್ತೇಳು, ಐದು ಐವತ್ಮೂರು. ಇಪ್ಪತ್ತೆರಡು ಜನಕ್ಕೆ ಎಂಟು ಜೊತೆ. ಫೋಟೊ ಆದಮೇಲೆ ಚೀಲಕ್ಕೆ ಹೋಗ್ತವೆ. ಐದು ವರ್ಷದ್ದೂ ನನ್ನ ಹತ್ರ ಇದೆ.”

“ಇವನು ದುಡ್ಡಿಗೆ ತಿರುಗಿಬಿದ್ದಿದಾನೆ ಸಾರ್,” ಅಂದ ವೀರೇಂದ್ರ. “ಆ ದಿನ ಯಾಕೆ ಬರೆದ ಕೇಳಿ ಮತ್ತೆ. ನಾನೇನು ಕತ್ತು ಹಿಡಿದಿದ್ನಾ?”

ಸಾಹೇಬರು ಭೀಮೇಶನ ಮುಖ ನೋಡಿದರು. “ಯಾಕೆ ಬರೆದ್ರಿ?”

ಹೆದರಿಸಿದರು ಅನ್ನಬಹುದಿತ್ತು. ನಂಬುತ್ತಿದ್ದರು.

“ಹೊಟ್ಟೆಕಿಚ್ಚಿಗೆ ಸಾರ್.”

“ಯಾರ ಮೇಲೆ?”

“ಪೇಪರಿನಲ್ಲಿ ಬಂತಲ್ಲ, ಆ ಫೋಟೊ ಮೇಲೆ. ಚೆನ್ನಾಗಿತ್ತು. ನಂಗೆ ಅಂಥದ್ದು ಒಂದೂ ಸಿಕ್ಕಿರಲಿಲ್ಲ. ಅದು ಸುಳ್ಳಾಗ್ಲಿ ಅಂತ ಬರೆದೆ. ನಿಜ ಏನಂದ್ರೆ ಅದೇ ನಿಜ. ನಾನು ತೆಗೆದಿದ್ದೆಲ್ಲ ವೇಷ.”

ಯಾರೋ ನಕ್ಕರು. ಕಚೇರಿಯ ಗುಮಾಸ್ತ ಇರಬೇಕು. ಭೀಮೇಶನ ಕಿವಿ ಕಾದವು. ಆದರೂ ಅವನು ಮೇಜಿನ ಮುಂದಿನಿಂದ ಸರಿಯಲಿಲ್ಲ.

ಸಾಹೇಬರು ಫೋಟೊಗಳನ್ನು ಜೋಡಿಸಿ ಫೈಲಿಗೆ ಹಾಕಿಕೊಂಡರು. ವರದಿ ಬರೆಯುತ್ತೇನೆ, ಮೇಲಿನವರಿಗೆ ಕಳಿಸುತ್ತೇನೆ ಅಂದರು. ಅಲ್ಲಿಯವರೆಗೆ ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು, ಬಿಡುವುದು ಗುತ್ತಿಗೆದಾರರಿಗೆ ಸೇರಿದ್ದು ಅಂದರು.

ಹೊರಗೆ ಬಂದು ವೀರೇಂದ್ರ ಕಾರು ಹತ್ತುವಾಗ ದ್ಯಾಮಮ್ಮನಿಗೆ ಹೇಳಿದ: “ವರದಿ ಬರೋ ಅಷ್ಟೊತ್ತಿಗೆ ನಿಂಗೆ ವಯಸ್ಸಾಗಿರುತ್ತೆ ಬಿಡು.”

ಸಂಜೆ ಕೇರಿಯ ಅರಳಿಕಟ್ಟೆ ಹತ್ತಿರ ದ್ಯಾಮಮ್ಮನ ಜೊತೆ ಕೆಲಸ ಮಾಡುವ ಇಪ್ಪತ್ತೊಂದು ಜನ ಸೇರಿದರು. ಭೀಮೇಶನನ್ನು ನಡುವೆ ನಿಲ್ಲಿಸಿದರು. ಬರೆದುಕೊಟ್ಟದ್ದನ್ನು ಅವನು ಎಲ್ಲರ ಎದುರು ಮತ್ತೊಮ್ಮೆ ಹೇಳಬೇಕಾಯಿತು. ಎಪ್ಪತ್ತಕ್ಕೆ ಹತ್ತಿರವಾದ ಹುಚ್ಚಮ್ಮ, ಸಿಟ್ಟು ಬಂದರೆ ತೆಲುಗಿಗೆ ತಿರುಗುವವಳು, “ಏಂದಿರಾ ಇದಿ, ಏನೋ ಇದು” ಅಂದು ಅವನ ಕಾಲ ಬಳಿ ಉಗುಳಿದಳು. ಅವನು ಕಾಲು ಹಿಂದೆ ತೆಗೆಯಲಿಲ್ಲ.

ಉಗುಳಿದ ಮೇಲೆ ಅವಳೇ ಹೇಳಿದಳು: “ಇವನೊಬ್ಬನೇ ಸುಳ್ಳ ಅಂದ್ರೆ ಆಗಲ್ಲ. ನಾವೂ ಹಾಕ್ಕೊಂಡು ನಿಂತ್ವಲ್ಲ. ಒಬ್ಬರ ಬೆವರು ಒಬ್ಬರು ಹಾಕ್ಕೊಂಡು, ಹಲ್ಲು ಮುಚ್ಕೊಂಡು. ನಾಡಿದ್ದು ಒಂದನೇ ತಾರೀಕು. ಚೀಲ ಬರುತ್ತೆ. ಅವಾಗ ನೋಡಣ.”

ಒಂದನೇ ತಾರೀಕು. ಐದೂವರೆ. ಗೋದಾಮಿನ ಅಂಗಳದಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ಇಪ್ಪತ್ತೊಂದು ಜನ ಸಾಲಾಗಿ ನಿಂತಿದ್ದರು. ದ್ಯಾಮಮ್ಮ ಗೇಟಿನ ಹೊರಗೆ. ಮಾರಪ್ಪ ಗೋಣಿಚೀಲ ಸುರಿದ. ಹಾಜರಿ ಪುಸ್ತಕ ತೆಗೆದ.

“ಹುಚ್ಚಮ್ಮ.”

ಉತ್ತರವಿಲ್ಲ.

“ಹುಚ್ಚಮ್ಮ. ಕಿವಿ ಹೋಯ್ತಾ?”

ಹುಚ್ಚಮ್ಮ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಮಾರಪ್ಪ ಮುಂದಿನ ಹೆಸರು ಕೂಗಿದ. ಅದರ ಮುಂದಿನದು. ಇಪ್ಪತ್ತೊಂದು ಹೆಸರು ಮುಗಿಯಿತು. ಒಬ್ಬರೂ ಬಾಯಿ ಬಿಡಲಿಲ್ಲ. ಎದುರಿಗೆ ನಿಂತ ಮನುಷ್ಯರು ಎದುರಿಗೇ ಇದ್ದರು. ಪುಸ್ತಕದಲ್ಲಿ ಯಾರೂ ಇರಲಿಲ್ಲ.

“ಏನ್ ಆಟ ಇದು? ಭೀಮೇಶ, ನೀನು ಶುರು ಮಾಡು. ಫೋಟೊ ತೆಗಿ.”

“ತೆಗಿಯಲ್ಲ.”

“ಏನಂದೆ?”

“ಎಂಟು ಜನದ ಸಾಮಾನಿದೆ. ಇಪ್ಪತ್ತೆರಡು ಜೊತೆ ಬರ್ಲಿ. ಆಮೇಲೆ ತೆಗೀತೀನಿ.”

“ಬೇರೆಯವನನ್ನ ಕರೆಸ್ತೀನಿ.”

“ಕರೆಸಿ. ಹಾಕ್ಕೊಳ್ಳೋರು ಯಾರು ಅಂತ ಕೇಳ್ಕೊಂಡು ಕರೆಸಿ.”

ಮಾರಪ್ಪ ಸಾಲಿನ ಕಡೆ ನೋಡಿದ. ಗ್ಲೌಸಿನ ರಾಶಿಯ ಹತ್ತಿರ ಒಬ್ಬರೂ ಬಗ್ಗಿರಲಿಲ್ಲ. ಅವನ ದನಿ ಸ್ವಲ್ಪ ಇಳಿಯಿತು. “ನೋಡವ್ವ ಹುಚ್ಚಮ್ಮ, ನಂಗೂ ಮೇಲಿನವರಿದಾರೆ. ಏನಾಗ್ಬೇಕು ಹೇಳು.”

“ನಡುವೆ ಒಂದು ಹೆಸರು ಬಿಟ್ಟಿದೀರಿ ಮೇಸ್ತ್ರಿ,” ಅಂದಳು ಹುಚ್ಚಮ್ಮ. “ಪುಸ್ತಕ ಸರಿಯಾಗಿ ಓದಿ. ನಮಗೇನು ಅವಸರ ಇಲ್ಲ.”

ಮಾರಪ್ಪ ದೂರ ಹೋಗಿ ಫೋನ್ ಮಾಡಿದ. ಬಿಸಿಲು ಬಂತು. ಏಳಾಯಿತು. ಎಂಟಾಯಿತು. ನಿಂತವರ ಕಾಲು ನೋಯುತ್ತಿತ್ತು, ಯಾರೂ ಕೂರಲಿಲ್ಲ. ಮಾರ್ಕೆಟ್ ಬೀದಿಯಿಂದ ಇಬ್ಬರು ಅಂಗಡಿಯವರು ಬಂದು ಮೋರಿ ಕಟ್ಟಿಕೊಂಡು ನೀರು ಅಂಗಡಿ ಮೆಟ್ಟಿಲಿಗೆ ಏರುತ್ತಿದೆ, ಸಾಹೇಬರಿಗೆ ಫೋನ್ ಮಾಡುತ್ತೇವೆ ಅಂದರು. ಮಾರಪ್ಪ ಮತ್ತೆ ಫೋನ್ ಮಾಡಿದ. ಈ ಸಲ ಹೆಚ್ಚು ಮಾತಾಡಲಿಲ್ಲ. ಕೇಳಿಸಿಕೊಂಡ. ಬಂದು ಪುಸ್ತಕ ಬಿಡಿಸಿದ. ಪೆನ್ನಿನಿಂದ ಒಂದು ಹೆಸರು ಸೇರಿಸಿದ. ತಲೆ ಎತ್ತದೆ ಅಂದ:

“ದ್ಯಾಮಮ್ಮ.”

“ಕೇಳಿಸಲಿಲ್ಲ ಮಾರಪ್ಪನೋರೆ,” ಅಂದಳು ದ್ಯಾಮಮ್ಮ ಗೇಟಿನ ಹೊರಗಿನಿಂದ. “ನಾನು ದೂರ ಇದೀನಿ.”

ಸಾಲಿನಲ್ಲಿ ಯಾರೋ ಕಿಸಕ್ಕಂದರು. ಮಾರಪ್ಪ ಈ ಸಲ ಕೂಗಿದ. ಅಂಗಡಿಯವರು ಕೂಡ ತಿರುಗಿ ನೋಡುವ ಹಾಗೆ ಕೂಗಿದ.

ಅವಳು ಗೇಟು ತಳ್ಳಿ ಒಳಗೆ ಬಂದಳು. ಬೆಳಗಿನ ಬಿಸಿಲು ಪೂರ್ತಿ ಅವಳ ಮೇಲಿತ್ತು. ಭೀಮೇಶನ ಕೈ ತಾನಾಗಿಯೇ ಚೀಲದ ಜಿಪ್ಪಿಗೆ ಹೋಯಿತು. ಸಂಜಯ್ ಇದ್ದಿದ್ದರೆ ಇಷ್ಟೊತ್ತಿಗೆ ಹತ್ತು ತೆಗೆದಿರುತ್ತಿದ್ದ. ಆ ಯೋಚನೆ ಬಂದದ್ದೇ ತಡ ಅದೇ ಹಳೆಯ ಹೊಟ್ಟೆಕಿಚ್ಚು ಎದ್ದಿತು. ಇವತ್ತು ತೆಗೆಯುವುದಿಲ್ಲ ಅಂದಿದ್ದ. ಜಿಪ್ಪಿನ ಮೇಲಿಂದ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡ.

ಮಾರಪ್ಪ ಮತ್ತೆ ಮೊದಲಿನಿಂದ ಹೆಸರು ಕೂಗಿದ. ಒಬ್ಬೊಬ್ಬರೂ ಇದೀನಿ ಅಂದರು. ಇಪ್ಪತ್ತೆರಡು ಸಲ. ಪುಸ್ತಕ ಮುಚ್ಚಿ, “ಹಾಜರಿ ಆಯ್ತಲ್ಲ, ಇನ್ನು ನಡೀರಿ, ಮೋರಿ ಕಟ್ಟಿದೆ,” ಅಂದ.

ಒಬ್ಬರೂ ಸಲಿಕೆ ಎತ್ತಲಿಲ್ಲ. ಇನ್ನೂ ಹದಿನಾಲ್ಕು ಜೊತೆ ಬರಬೇಕಿತ್ತು.